ಕೆಲಸಗಾರರ ಮಾತು ದಾಖಲಿಸಲು ಜೂಮ್ ಎಚ್1ಎನ್: ಪೆಟ್ಟಿಗೆ ಸಾಕು, ಮೈಕ್ ಮಾತ್ರ ಬೇರೆ ಬೇಕು

ದುಡಿಯುವವರನ್ನು ಅವರ ದುಡಿಮೆಯ ಬಗ್ಗೆಯೇ ಮಾತಾಡಿಸಿ ಧ್ವನಿ ಹಿಡಿದಿಡಬೇಕು ಎಂದು ಹೊರಟವರಿಗೆ ಮೊದಲು ಏಳುವ ಪ್ರಶ್ನೆ, ಫೋನ್ ಸಾಲದೆ? ತುರ್ತಿಗೆ ಸಾಲುತ್ತದೆ. ಆದರೆ ಮಾತಿನ ನಡುವೆ ಕರೆ ಬರುತ್ತದೆ, ಧ್ವನಿಯ ಮಟ್ಟವನ್ನು ಫೋನೇ ತನಗೆ ತೋಚಿದಂತೆ ಏರಿಸಿ ಇಳಿಸುತ್ತದೆ, ಜೊತೆಗೆ ಎದುರಿಗಿರುವವರ ಕಣ್ಣು ಪರದೆಯ ಮೇಲೇ ಇರುತ್ತದೆ. ಹಾಗಾಗಿ ಪ್ರತ್ಯೇಕ ರೆಕಾರ್ಡರ್ ಬೇಕು. ಜೇಬಿಗೆ ಹೋಗುವ ರೆಕಾರ್ಡರುಗಳಲ್ಲಿ ಜೂಮ್ ಕಂಪನಿಯ ಎಚ್1ಎನ್ ಬಹಳ ಕಡೆ ಬಳಕೆಯಲ್ಲಿದೆ. (ವಿಡಿಯೊ ಕರೆಯ ಜೂಮ್ ಅಲ್ಲ, ಇದು ಜಪಾನಿನ ಬೇರೆಯೇ ಕಂಪನಿ.) 2018ರಲ್ಲಿ ಬಂದ ಮಾದರಿ. ಇಲ್ಲಿ ಅದನ್ನು ಹಾಡಿಗೆ, ಹಕ್ಕಿಯ ದನಿಗೆ ಒರೆ ಹಚ್ಚಿಲ್ಲ. ವರ್ಕ್‌ಶಾಪ್, ಹೊಲಿಗೆ ಕೋಣೆ, ಕಟ್ಟಡದ ಕೆಲಸ, ಆಸ್ಪತ್ರೆ, ಬಸ್ಸಿನ ಡಿಪೊ ಇಂಥ ಕಡೆ ಒಬ್ಬರು ಇನ್ನೊಬ್ಬರ ಜೊತೆ ಒಂದು ಗಂಟೆ ಕೂತು ಮಾತಾಡುವುದಕ್ಕೆ ಇದು ಎಷ್ಟರ ಮಟ್ಟಿಗೆ ಒದಗುತ್ತದೆ ಎನ್ನುವುದಷ್ಟೇ ವಿಷಯ.

ಮೊದಲು ಮೆಚ್ಚುವ ಸಂಗತಿ. ರೆಕಾರ್ಡ್ ಮಾಡಲು ಮೆನುವಿನೊಳಗೆ ಹೋಗಬೇಕಾಗಿಲ್ಲ. ಸ್ವಿಚ್ ಜಾರಿಸಿ, ಮೈಕಿನ ಕೆಳಗಿರುವ ಡಯಲ್ ತಿರುಗಿಸಿ ಮಟ್ಟ ಸರಿಮಾಡಿ, ರೆಕಾರ್ಡ್ ಗುಂಡಿ ಒತ್ತಿದರೆ ಮುಗಿಯಿತು, ಕೆಂಪು ದೀಪ ಹತ್ತುತ್ತದೆ. ಪರದೆ ಚಿಕ್ಕದು, ಬಣ್ಣವಿಲ್ಲದ್ದು, ಆದರೂ ಮಟ್ಟದ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಟರಿ ಬಿಟ್ಟು ತೂಕ ಸುಮಾರು 60 ಗ್ರಾಂ. ಇಷ್ಟು ಚಿಕ್ಕದಾಗಿರುವುದರ ಲಾಭ ಬರೀ ಚೀಲಕ್ಕಲ್ಲ. ದೊಡ್ಡ ಮೈಕು, ಸ್ಟ್ಯಾಂಡು, ತಂತಿಗಳ ರಾಶಿ ಎದುರಿಗೆ ಬಂದು ಕೂತರೆ ದಿನವೆಲ್ಲ ಸರಾಗವಾಗಿ ಹರಟುವವರೂ ಭಾಷಣದ ಧಾಟಿಗೆ ಇಳಿದುಬಿಡುತ್ತಾರೆ. ಇದನ್ನು ಪಕ್ಕಕ್ಕಿಟ್ಟು ಕೆಂಪು ದೀಪ ತೋರಿಸಿ, "ಈಗ ರೆಕಾರ್ಡ್ ಆಗ್ತಿದೆ, ಬೇಡ ಅನ್ನಿಸಿದಾಗ ಹೇಳಿ, ನಿಲ್ಲಿಸ್ತೀನಿ" ಅಂದರೆ ಸಾಕು, ಸ್ವಲ್ಪ ಹೊತ್ತಿಗೆ ಅದರ ಕಡೆಗಿನ ಗಮನ ಹೋಗಿರುತ್ತದೆ.

ಕೊಂಡ ಕೂಡಲೇ ಬದಲಾಯಿಸಬೇಕಾದ ಸೆಟ್ಟಿಂಗ್ ಫೈಲಿನ ರೂಪದ್ದು. ಎಂಪಿ3 ಬಿಟ್ಟು, ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ ಆರಿಸಿ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕಾಯ್ದಿಡುವ ಧ್ವನಿಗೆ ಕನಿಷ್ಠ ಎಂದು ಹೇಳುವುದೂ ಇದನ್ನೇ. ಈ ಸೆಟ್ಟಿಂಗಿನಲ್ಲಿ ಒಂದು ಗಂಟೆಯ ಸ್ಟೀರಿಯೊ ಮಾತಿಗೆ ಸರಿಸುಮಾರು 1 ಜಿಬಿ ಬೇಕು. ಎಚ್1ಎನ್ 32 ಜಿಬಿವರೆಗಿನ ಮೈಕ್ರೊ ಎಸ್‌ಡಿ ಕಾರ್ಡ್ ತೆಗೆದುಕೊಳ್ಳುತ್ತದೆ, ಎಂದರೆ ಒಂದು ಕಾರ್ಡಿಗೆ 30 ಗಂಟೆಯಷ್ಟು ಮಾತು. 96 ಕಿಲೋಹರ್ಟ್ಸ್ ಕೂಡ ಇದೆ, ಆದರೆ ಜಾಗ ಎರಡರಷ್ಟು ತಿನ್ನುವುದು ಬಿಟ್ಟರೆ ಮಾತಿಗೆ ಅದರಿಂದ ಏನೂ ದಕ್ಕುವುದಿಲ್ಲ. ಒಂದು ಫೈಲ್ 2 ಜಿಬಿ ಮುಟ್ಟಿದಾಗ ಯಂತ್ರ ತಾನೇ ಹೊಸ ಫೈಲ್ ಶುರುಮಾಡುತ್ತದೆ. 48/24ರಲ್ಲಿ ಇದು ಆಗುವುದು ಎರಡು ಗಂಟೆ ದಾಟಿದ ಮೇಲೆ, ಆದ್ದರಿಂದ ದೀರ್ಘ ಮಾತುಕತೆ ಎರಡು ತುಂಡಾಗಿ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡದೆ ಯಂತ್ರದಲ್ಲೇ ಮಾಡಿ. ದಿನಾಂಕ, ಸಮಯ ಸರಿಯಿದೆಯೇ ನೋಡಿ. ಹತ್ತು ಜನರ ಮಾತು ಒಂದೇ ಕಾರ್ಡಿನಲ್ಲಿ ಬಿದ್ದಿರುವಾಗ ಯಾವುದು ಯಾರದು ಎಂದು ಗುರುತು ಹಿಡಿಯುವುದು ದಿನಾಂಕದಿಂದಲೇ.

ಪರದೆಯ ಕೆಳಗೆ ಸಾಲಾಗಿ ಇರುವ ಗುಂಡಿಗಳಲ್ಲಿ ಒಂದು ಆಟೊ ಲೆವೆಲ್. ಅದನ್ನು ಮುಟ್ಟಬೇಡಿ. ಕೆಲಸದ ಮಾತಿನಲ್ಲಿ ಮೌನ ಬಹಳ ಇರುತ್ತದೆ. ಏನೋ ನೆನಪಿಸಿಕೊಳ್ಳುತ್ತಾರೆ, ಕೈಗೆ ಸಾಮಾನು ತೆಗೆದುಕೊಂಡು ನೋಡುತ್ತಾರೆ. ಆಟೊ ಲೆವೆಲ್ ಹಾಕಿದ್ದರೆ ಆ ಮೌನದಲ್ಲಿ ಯಂತ್ರ ಮಟ್ಟ ಏರಿಸುತ್ತಾ ಹೋಗಿ ಫ್ಯಾನಿನ ಸದ್ದು ಅಲೆಯಂತೆ ಏಳುತ್ತದೆ, ಮತ್ತೆ ಮಾತು ಶುರುವಾದಾಗ ಮೊದಲ ಪದ ಕರ್ಕಶವಾಗಿ ಬಡಿದು ಥಟ್ಟನೆ ಇಳಿಯುತ್ತದೆ. ಆಮೇಲೆ ಅದನ್ನು ಯಾವ ಸಾಫ್ಟ್‌ವೇರ್‌ನಿಂದಲೂ ನೇರ ಮಾಡಲಾಗದು. ಬದಲಿಗೆ ಡಯಲನ್ನು ಮಧ್ಯದಲ್ಲಿಟ್ಟು, ಎದುರಿನವರಿಗೆ ಎರಡು ನಿಮಿಷ ಮಾತಾಡಲು ಹೇಳಿ, ಗಟ್ಟಿ ಮಾತು ಪರದೆಯ ಪಟ್ಟಿಯಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ಮುಟ್ಟುವಂತೆ ಹೊಂದಿಸಿ. "ಒನ್ ಟೂ ತ್ರೀ" ಎನ್ನಿಸಿ ಮಟ್ಟ ನೋಡಿದರೆ ಮೋಸ ಹೋಗುತ್ತೀರಿ, ಪರೀಕ್ಷೆಗೆಂದು ಆಡುವ ಮಾತು ಯಾವಾಗಲೂ ಮೆತ್ತಗಿರುತ್ತದೆ. ಕೆಲಸ ಕಲಿತದ್ದು ಯಾರ ಹತ್ತಿರ ಎಂದು ಕೇಳಿ, ಅದಕ್ಕೆ ಉತ್ತರ ಕೊಡುವಾಗ ಸಹಜ ದನಿ ಬರುತ್ತದೆ. ಮಟ್ಟ ಕೂತ ಮೇಲೆ ಡಯಲ್ ಮೇಲೆ ಸಣ್ಣ ಟೇಪಿನ ತುಂಡು ಅಂಟಿಸಿ, ಪವರ್ ಸ್ವಿಚ್ಚನ್ನು ಹೋಲ್ಡ್ ಕಡೆಗೆ ಜಾರಿಸಿ. ಜೇಬಿನಲ್ಲಿದ್ದಾಗ ಗುಂಡಿ ಒತ್ತಿಹೋಗುವ ಭಯ ತಪ್ಪುತ್ತದೆ. ಮಟ್ಟ ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿಡುವುದರಿಂದ ತೊಂದರೆಯಿಲ್ಲ, ಹಠಾತ್ ನಗೆಯನ್ನು ಅದು ತಡೆದೀತು. ಆದರೆ ಅದನ್ನು ನಂಬಿ ಮಟ್ಟ ಏರಿಸಿಡಬಾರದು.

ಲೋ ಕಟ್ ಗುಂಡಿ ತಗ್ಗಿನ ಗುಂಯ್ ಸದ್ದನ್ನು ಕತ್ತರಿಸುತ್ತದೆ. ಫ್ಯಾನು, ದೂರದ ಜನರೇಟರು, ನಿಂತ ಬಸ್ಸಿನ ಎಂಜಿನು ಇದ್ದ ಕಡೆ 80 ಹರ್ಟ್ಸ್ ಇಡಿ. 160ಕ್ಕೆ ಏರಿಸಿದರೆ ಗದ್ದಲ ಇನ್ನೂ ಕಡಿಮೆಯಾದಂತೆ ಕೇಳಿಸುತ್ತದೆ ನಿಜ, ಆದರೆ ಗಂಡಸರ ದನಿಯ ಮೂಲ ಕಂಪನ ಹೆಚ್ಚಾಗಿ 85ರಿಂದ 155 ಹರ್ಟ್ಸ್ ನಡುವೆಯೇ ಇರುವುದರಿಂದ ದನಿಯ ತೂಕವೂ ಅದರ ಜೊತೆ ಹೊರಟುಹೋಗುತ್ತದೆ.

ಇನ್ನು ಮೈಕಿನ ವಿಚಾರ. ಎಚ್1ಎನ್ ತಲೆಯಲ್ಲಿ ಎರಡು ಮೈಕುಗಳು 90 ಡಿಗ್ರಿಯಲ್ಲಿ ಒಂದನ್ನೊಂದು ಹಾದು ಕೂತಿವೆ. ಸದ್ದಿಲ್ಲದ ಕೋಣೆಯಲ್ಲಿ, ಬಾಯಿಂದ 20–30 ಸೆಂಟಿಮೀಟರ್ ದೂರದಲ್ಲಿ, ಎದೆಯ ಕಡೆಗೆ ಮುಖ ಮಾಡಿ ಇಟ್ಟರೆ ಇವು ಕೊಡುವ ದನಿಗೆ ಹೆಸರಿಡುವಂತಿಲ್ಲ. ನೇರ ಬಾಯಿಗೇ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಆದರೆ ಕೆಲಸದ ಜಾಗ ಎಲ್ಲಿ ಸದ್ದಿಲ್ಲದೆ ಇರುತ್ತದೆ? ಎರಡು ಮೈಕುಗಳೂ ಅಗಲವಾದ ಪ್ರದೇಶವನ್ನು ಕೇಳಿಸಿಕೊಳ್ಳಲೆಂದೇ ಮಾಡಿದವು. ಪಕ್ಕದ ಟೇಬಲಿನ ಕತ್ತರಿ, ಹಿಂದಿನ ಗೋಡೆಯ ಪ್ರತಿಧ್ವನಿ, ಬಾಗಿಲಾಚೆಯ ಹಾರ್ನು ಎಲ್ಲವೂ ಮಾತಿನ ಜೊತೆ ಸಮಪಾಲಿಗೆ ಬರುತ್ತವೆ. ಇದು ಈ ಯಂತ್ರದ ಕೊರತೆ ಅನ್ನುವುದಕ್ಕಿಂತ ದೂರದ ಲೆಕ್ಕ. ತೆರೆದ ಜಾಗದಲ್ಲಿ ಮೈಕು ಬಾಯಿಗೆ ಅರ್ಧದಷ್ಟು ಹತ್ತಿರವಾದರೆ ಮಾತು 6 ಡೆಸಿಬೆಲ್ ಏರುತ್ತದೆ, ಸುತ್ತಲಿನ ಸದ್ದು ಇದ್ದಷ್ಟೇ ಇರುತ್ತದೆ. ಒಂದು ಮೀಟರಿನಿಂದ 25 ಸೆಂಟಿಮೀಟರಿಗೆ ಬಂದರೆ 12 ಡೆಸಿಬೆಲ್ ಲಾಭ. ಇದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಅದಕ್ಕೇ ಕಾಲರ್ ಮೈಕ್. ಎಚ್1ಎನ್ ಪಕ್ಕದಲ್ಲಿ 3.5 ಮಿಲಿಮೀಟರ್ ಮೈಕ್ ತೂತು ಇದೆ. ಹೊರಗಿನ ಮೈಕ್ ಚುಚ್ಚಿದ ತಕ್ಷಣ ತಲೆಯ ಮೈಕುಗಳು ಸುಮ್ಮನಾಗುತ್ತವೆ. ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಒಂದು, ಸಾಮಾನ್ಯ ಕಾಲರ್ ಮೈಕಿಗೆ ವಿದ್ಯುತ್ತು ಬೇಕು, ಅದನ್ನು ರೆಕಾರ್ಡರೇ ತಂತಿಯ ಮೂಲಕ ಕೊಡಬೇಕು. ಸೆಟ್ಟಿಂಗಿನಲ್ಲಿ ಪ್ಲಗ್-ಇನ್ ಪವರ್ ಆನ್ ಮಾಡದಿದ್ದರೆ ಮೈಕ್ ಸತ್ತಂತೆ ಇರುತ್ತದೆ, ಮೈಕೇ ಕೆಟ್ಟಿದೆ ಎಂದುಕೊಂಡು ವಾಪಸ್ ಕಳಿಸುವವರೂ ಉಂಟು. ಎರಡು, ಫೋನಿಗೆಂದು ಮಾರುವ ಮೈಕಿನ ಪಿನ್ನು ನೋಡಿ. ಅದರ ಮೇಲೆ ಮೂರು ಕರಿ ಉಂಗುರಗಳಿದ್ದರೆ ಅದು ಫೋನಿನದು, ರೆಕಾರ್ಡರಿಗೆ ಎರಡು ಉಂಗುರದ್ದು ಬೇಕು. ಮೂರು ಉಂಗುರದ್ದನ್ನು ನೇರ ಹಾಕಿದರೆ ಸದ್ದೇ ಬಾರದಿರಬಹುದು, ಬಂದರೂ ಕ್ಷೀಣವಾಗಿರಬಹುದು. ನಡುವೆ ಹಾಕಲು ಗೇಣುದ್ದದ ಅಡಾಪ್ಟರ್ ಸಿಗುತ್ತದೆ. ಒಂದೇ ಉಂಗುರದ ಪಿನ್ನಾದರೆ ಮಾತು ಎಡಗಡೆ ಮಾತ್ರ ಬೀಳುತ್ತದೆ. ಅದು ನಷ್ಟವೇನಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಮೊನೊ ಮಾಡಿಕೊಂಡರೆ ಎರಡೂ ಕಿವಿಗೆ ಕೇಳುತ್ತದೆ.

ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಬಟ್ಟೆಯ ಹೊರಮೈಗೆ ಸಿಕ್ಕಿಸಿ. ಒಳಗೆ ಬಚ್ಚಿಟ್ಟರೆ ಅಂಗಿ ಉಜ್ಜುವ ಸರಬರ ಮಾತಿಗಿಂತ ಜೋರಾಗುತ್ತದೆ. ವೆಲ್ಡರ ಚರ್ಮದ ಏಪ್ರನ್ನು ಪ್ರತಿ ಉಸಿರಿಗೂ ಕಿರುಗುಟ್ಟುತ್ತದೆ, ಅಲ್ಲಿ ಏಪ್ರನ್ ಪಟ್ಟಿಗೆ ಸಿಕ್ಕಿಸದೆ ಒಳಗಿನ ಅಂಗಿಯ ಕಾಲರಿಗೇ ಹಾಕಬೇಕು. ಕೊರಳಲ್ಲಿ ಸರ, ಗುರುತಿನ ಚೀಟಿ, ಶಿಳ್ಳೆ ಇದ್ದರೆ ಸ್ವಲ್ಪ ಹೊತ್ತು ತೆಗೆದಿಡಲು ಕೇಳಿ. ಕೆಲಸದ ಯಂತ್ರದ ಮುಂದೆ ಕೂತವರು ಮಾತಾಡುವಾಗ ಒಂದೇ ಕಡೆ ತಲೆ ತಿರುಗಿಸುತ್ತಾರೆ, ಮೈಕ್ ಆ ಕಡೆಯ ಭುಜಕ್ಕೆ ಹತ್ತಿರವಿರಲಿ. ಮೈಕಿನ ಕೆಳಗೆ ತಂತಿಯನ್ನು ಒಂದು ಸುತ್ತು ಸುತ್ತಿ ಬಟ್ಟೆಗೆ ಟೇಪ್ ಹಾಕಿದರೆ ತಂತಿ ಎಳೆದ ಸದ್ದು ಮೇಲೇರುವುದಿಲ್ಲ. ಇನ್ನು, ತಿರುಗುವ ಯಂತ್ರದ ಹತ್ತಿರ ತಂತಿ ಜೋತಾಡುವಂತೆ ಯಾರಿಗೂ ಹಾಕಬಾರದು. ಲೇತು, ಡ್ರಿಲ್ಲು, ಗರಗಸ ಓಡುತ್ತಿದ್ದರೆ ಮೈಕ್ ಬಿಚ್ಚಿ ಪಕ್ಕಕ್ಕಿಡಿ, ದನಿ ಚೆನ್ನಾಗಿ ಬರಲಿ ಎಂದು ಯಾರದೋ ಕೈ ಪಣಕ್ಕಿಡುವುದು ಬೇಡ.

ಕೇಳುವವರ ದನಿಯೂ ಬೇಕಿದ್ದರೆ ಎರಡು ಕಾಲರ್ ಮೈಕುಗಳನ್ನು ವೈ ತಂತಿಯಲ್ಲಿ ಸೇರಿಸಬಹುದು: ಹೇಳುವವರು ಎಡಕ್ಕೆ, ಕೇಳುವವರು ಬಲಕ್ಕೆ. ಆಮೇಲೆ ಕೇಳಿ ಬರೆದುಕೊಳ್ಳುವಾಗ, ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ, ಇದು ದೊಡ್ಡ ಉಪಕಾರ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಇಬ್ಬರು ಹಾಡು ಕೇಳಲು ಮಾಡಿದ ಹೆಡ್‌ಫೋನ್ ಸ್ಪ್ಲಿಟರ್. ಅದನ್ನು ಹಾಕಿದರೆ ಎರಡೂ ದನಿ ಬೆರೆತೇ ಬರುತ್ತವೆ. ಒಂದು ಸ್ಟೀರಿಯೊ ಪಿನ್ನನ್ನು ಎರಡು ಮೊನೊ ತೂತುಗಳಾಗಿ ಒಡೆಯುವ ತಂತಿ ಎಂದು ಕೇಳಿಯೇ ಕೊಳ್ಳಿ. ಎಚ್1ಎನ್‌ನಲ್ಲಿ ಎರಡಕ್ಕೂ ಸೇರಿ ಡಯಲ್ ಒಂದೇ, ಹಾಗಾಗಿ ಮೆತ್ತಗೆ ಮಾತಾಡುವವರ ಮೈಕನ್ನು ಎರಡು ಬೆರಳು ಮೇಲಕ್ಕೆ ಸಿಕ್ಕಿಸುವುದೊಂದೇ ದಾರಿ. ಮೂರ್ನಾಲ್ಕು ಜನ ಸುತ್ತ ಕೂತು ಮಾತಾಡುವ ಕಡೆ ಈ ಯಂತ್ರ ಸೋಲುತ್ತದೆ. ಅದಕ್ಕೆ ನಾಲ್ಕು ಮೈಕ್ ಬೇರೆಬೇರೆಯಾಗಿ ಹಿಡಿಯುವ ದೊಡ್ಡ ರೆಕಾರ್ಡರೇ ಬೇಕು.

ಹಾಗಾದರೆ ತಲೆಯ ಮೈಕುಗಳು ದಂಡವೇ? ಅಲ್ಲ. ಕೆಲಸದ ಸದ್ದು ಹಿಡಿಯಲು ಅವೇ ಸರಿ. ಮಾತುಕತೆಯನ್ನು ಮೂರು ಹಂತಕ್ಕೆ ಒಡೆಯುವುದು ಒಳ್ಳೆಯದು. ಮೊದಲು ಗದ್ದಲದಿಂದ ದೂರ ಕೂತು ಅರ್ಧ ಮುಕ್ಕಾಲು ಗಂಟೆ ಮಾತು: ಯಾವಾಗ ಸೇರಿದ್ದು, ಪಾಳಿ ಹೇಗೆ, ಸಂಬಳ ಹೇಗೆ ಬರುತ್ತಿತ್ತು, ಯಾರು ಕಲಿಸಿದರು. ಆಮೇಲೆ ಕೆಲಸದ ಯಂತ್ರ ನಿಲ್ಲಿಸಿಯೇ ಅದರ ಹತ್ತಿರ ಹೋಗಿ, ಸಾಮಾನು ಕೈಲಿ ಹಿಡಿದುಕೊಂಡು ಎರಡನೇ ಸುತ್ತು. ಕೊನೆಗೆ ಕಾಲರ್ ಮೈಕ್ ತೆಗೆದು, ಯಂತ್ರ ಓಡಿಸಿ, ಮಾತಿಲ್ಲದೆ ತಲೆಯ ಮೈಕಿನಲ್ಲಿ ಎರಡು ಮೂರು ನಿಮಿಷ ಸದ್ದು. ಎರಡನೇ ಸುತ್ತನ್ನು ಬಿಟ್ಟವರು ಬಹಳ ಕಳೆದುಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂತಾಗ "ಎಲ್ಲರಂಗೇ ಮಾಡೋದು, ಅದ್ರಲ್ಲೇನಿದೆ" ಎನ್ನುವವರೇ ಉಳಿ ಕೈಗೆ ಬಂದ ಕೂಡಲೇ ಅರ್ಧ ಗಂಟೆ ಹೇಳುತ್ತಾರೆ. ಓಡುವ ಯಂತ್ರದ ಮುಂದೆಯೇ ಮಾತಾಡಿಸಿದರೆ ಇನ್ನೊಂದು ಕೇಡಿದೆ: ಗದ್ದಲದಲ್ಲಿ ಯಾರೇ ಆಗಲಿ ತಮಗರಿವಿಲ್ಲದೆ ದನಿ ಎತ್ತುತ್ತಾರೆ, ವಾಕ್ಯ ಮೊಟಕಾಗುತ್ತದೆ, ಕಿರುಚಿದಂತೆ ಬರುತ್ತದೆ. ಮಟ್ಟ ಸರಿಯಿದ್ದರೂ ಮಾತು ಮಾತಾಗಿ ಉಳಿದಿರುವುದಿಲ್ಲ.

ಎರಡನೇ ಸುತ್ತಿನಲ್ಲಿ ಯಾವ ರೆಕಾರ್ಡರೂ ಪರಿಹರಿಸದ ಒಂದು ಸಮಸ್ಯೆ ಎದುರಾಗುತ್ತದೆ. ಹೊಲಿಗೆಯವರು ಹೇಳುತ್ತಾರೆ: "ಇದನ್ನ ಹಿಂಗ್ ಹಿಡ್ಕೊಂಡು, ಇಲ್ಲಿ ಸ್ವಲ್ಪ ಸಡಿಲ ಬಿಟ್ಟು, ಅದನ್ನ ಹಾಗೇ ತಳ್ಕೊಂಡು ಹೋಗ್ಬೇಕು, ಇಲ್ಲಾಂದ್ರೆ ಇಷ್ಟಾಗುತ್ತೆ ನೋಡಿ." ಎದುರಿಗಿದ್ದವರಿಗೆ ಎಲ್ಲ ತಿಳಿಯಿತು, ಫೈಲಿನಲ್ಲಿ ಏನೂ ಇಲ್ಲ. ಇಂಥಲ್ಲಿ ತಡೆಯದೆ, ಅವರು ಉಸಿರು ತೆಗೆದುಕೊಂಡಾಗ ನೀವೇ ಹೇಳಿ: "ಎಡಗೈ ಹೆಬ್ಬೆರಳಲ್ಲಿ ಕಾಲರಿನ ಒಳಬಟ್ಟೆ ಹಿಡಿದಿದ್ದೀರಿ. ಸಡಿಲ ಬಿಟ್ಟದ್ದು ಮೇಲಿನ ಬಟ್ಟೆ, ಅಲ್ವಾ?" ಅವರು ಹೌದು ಎನ್ನುತ್ತಾರೆ, ಇಲ್ಲವೇ ತಿದ್ದುತ್ತಾರೆ. ತಿದ್ದಿದಾಗಲೇ ಹೆಚ್ಚು ಸಿಗುತ್ತದೆ. ಉಪಕರಣದ ಹೆಸರನ್ನು ಅವರ ಬಾಯಲ್ಲೇ ಬರಿಸಿ, ನಿಮಗೆ ಗೊತ್ತಿರುವ ಪುಸ್ತಕದ ಹೆಸರು ಮುಂದೆ ಮಾಡಬೇಡಿ. ಒಮ್ಮೆ ಮಾಡಿದರೆ ಮರ್ಯಾದೆಗೆ ಅವರೂ ಅದನ್ನೇ ಬಳಸತೊಡಗುತ್ತಾರೆ.

ಜಾಗ ಬಿಡುವ ಮುಂಚೆ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕೋಣೆಯ ಸದ್ದು ಹಿಡಿಯಿರಿ. ಆಮೇಲೆ ಮಾತು ಕತ್ತರಿಸಿ ಜೋಡಿಸಿದಾಗ ಸಂದಿನಲ್ಲಿ ತುಂಬಲು, ಗುಂಯ್ ಸದ್ದನ್ನು ಸಾಫ್ಟ್‌ವೇರಿನಲ್ಲಿ ಕಳೆಯಲು ಇದು ಬೇಕು. ಆಸ್ಪತ್ರೆ, ಕಚೇರಿಗಳಲ್ಲಿ ಪಕ್ಕದವರ ಮಾತು, ರೋಗಿಯ ಹೆಸರು ಹಿನ್ನೆಲೆಯಲ್ಲಿ ಬಿದ್ದಿದೆಯೇ ಎಂದು ಅಂದೇ ಕೇಳಿ ನೋಡಬೇಕು.

ಈ ಪೆಟ್ಟಿಗೆಯ ನಿಜವಾದ ದೌರ್ಬಲ್ಯ ಅದರ ಮೈ. ಹಗುರ ಪ್ಲಾಸ್ಟಿಕ್ಕು, ಬೆರಳು ಸರಿದರೆ ಸಾಕು, ತಲೆಯ ಮೈಕಿಗೆ ಗುಡುಗಿನಂತೆ ಕೇಳುತ್ತದೆ. ಕೈಯಲ್ಲಿ ಹಿಡಿದು ಮಾತಾಡಿಸುವ ಯಂತ್ರ ಇದಲ್ಲ. ಹಿಂಬದಿಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಕಾಲಿಂಚು ತಿರುಪು ಕೂರುವ ತೂತಿದೆ, ಅಂಗೈ ಎತ್ತರದ ಮೂರುಕಾಲಿ ಸಾಕು. ಅದೂ ಇಲ್ಲದಿದ್ದರೆ ದಪ್ಪ ಬಟ್ಟೆ ಮಡಿಸಿ ಅದರ ಮೇಲಿಡಿ. ಹೊಲಿಗೆ ಯಂತ್ರ, ಮೋಟರು ಕೂತ ಟೇಬಲಿನ ಮೇಲೆ ಮಾತ್ರ ಬೇಡ, ನಡುಕ ನೇರ ಏರುತ್ತದೆ. ಗಾಳಿಯೂ ಹಾಗೇ. ಫೋಮಿನ ಟೊಪ್ಪಿಗೆ ಉಸಿರಿಗೆ ಸರಿ, ಬಯಲಿನ ಗಾಳಿಗೆ ಏನೂ ಅಲ್ಲ. ಕಟ್ಟಡದ ಮೇಲಂತಸ್ತು, ರಸ್ತೆ ಕೆಲಸ, ಹೊಲ ಇಂಥ ಕಡೆ ತುಪ್ಪಳದ ಟೊಪ್ಪಿಗೆ ಬೇಕು, ಕಾಲರ್ ಮೈಕಿಗೂ ಗುಬ್ಬಿ ಗಾತ್ರದ್ದು ಸಿಗುತ್ತದೆ.

ಬ್ಯಾಟರಿ ಎರಡು ಎಎಎ. ಆಲ್ಕಲೈನ್ ಹಾಕಿದರೆ ಕಂಪನಿ ಹೇಳುವುದು ಸುಮಾರು 10 ಗಂಟೆ. ಆದರೆ ಅದು ಕಡಿಮೆ ಸೆಟ್ಟಿಂಗಿನ ಲೆಕ್ಕ. 48/24, ಹೊರ ಮೈಕಿಗೆ ವಿದ್ಯುತ್ತು, ಹೆಡ್‌ಫೋನ್ ಮೂರೂ ಸೇರಿದರೆ ಅಷ್ಟು ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಚಾರ್ಜ್ ಮಾಡುವ ನಿಕ್ಕಲ್ ಬ್ಯಾಟರಿ ಬಳಸುವುದಾದರೆ ಮೆನುವಿನಲ್ಲಿ ಬ್ಯಾಟರಿಯ ಬಗೆಯನ್ನು ಬದಲಿಸಿ. ಅದರ ವೋಲ್ಟೇಜು ಆಲ್ಕಲೈನಿಗಿಂತ ಕಡಿಮೆ ಇರುವುದರಿಂದ, ಬದಲಿಸದಿದ್ದರೆ ಉಳಿದದ್ದೆಷ್ಟು ಎನ್ನುವ ಗುರುತು ತಪ್ಪು ತೋರಿಸುತ್ತದೆ. ಯುಎಸ್‌ಬಿ ತಂತಿಯಿಂದಲೂ ಓಡುತ್ತದೆ. ಆದರೆ ಪವರ್ ಬ್ಯಾಂಕಿಗೆ ಹಾಕುವ ಮುನ್ನ ಮನೆಯಲ್ಲಿ ಪರೀಕ್ಷಿಸಿ, ಈ ಯಂತ್ರ ಎಳೆಯುವ ಕರೆಂಟು ಇಷ್ಟೇ ಇಷ್ಟು. ಏನೂ ಸೇರಿಸಿಲ್ಲ ಎಂದುಕೊಂಡು ತಾನೇ ಆರುವ ಪವರ್ ಬ್ಯಾಂಕುಗಳಿವೆ. ಗೋಡೆಯ ಚಾರ್ಜರ್ ಹಾಕಿದಾಗ ಹೆಡ್‌ಫೋನಿನಲ್ಲಿ ಗುಂಯ್ ಕೇಳಿದರೆ ಬ್ಯಾಟರಿಗೇ ಮರಳಿ. ಹೆಡ್‌ಫೋನ್ ಕಿವಿ ಮುಚ್ಚುವಂಥದ್ದು, ತಂತಿಯದ್ದು ಇರಲಿ. ಪರದೆಯ ಪಟ್ಟಿ ಕುಣಿಯುತ್ತಿರುವುದು ಮಾತಿಗೋ ಬಟ್ಟೆ ಉಜ್ಜಿದ್ದಕ್ಕೋ ಎಂದು ಕಣ್ಣಿಗೆ ತಿಳಿಯುವುದಿಲ್ಲ.

2024ರಲ್ಲಿ ಇದೇ ಕಂಪನಿ ಎಚ್1 ಎಸೆನ್ಷಿಯಲ್ ತಂದಿದೆ. ಅದು 32 ಬಿಟ್ ಫ್ಲೋಟ್ ಯಂತ್ರ, ಮಟ್ಟದ ಡಯಲ್ಲೇ ಇಲ್ಲ. ಪಿಸುಮಾತು, ಸುತ್ತಿಗೆ ಪೆಟ್ಟು ಎರಡನ್ನೂ ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿಕೊಳ್ಳಬಹುದು. ಫೈಲ್ ಗಂಟೆಗೆ 1.4 ಜಿಬಿ ಹತ್ತಿರ ಹೋಗುತ್ತದೆ, ಕಾರ್ಡ್ 1 ಟಿಬಿವರೆಗೂ ಹಾಕಬಹುದು, ಯುಎಸ್‌ಬಿ ಸಿ ಇದೆ, ಕಣ್ಣು ಕಾಣದವರಿಗೆ ಮೆನುವನ್ನು ಓದಿ ಹೇಳುವ ಸೌಲಭ್ಯವೂ ಇದೆ. ಹೊಸದಾಗಿ ಕೊಳ್ಳುವವರು, ಅದರಲ್ಲೂ ಒಬ್ಬರೇ ಹೋಗಿ ಪ್ರಶ್ನೆಯನ್ನೂ ಕೇಳಿ ಯಂತ್ರವನ್ನೂ ನೋಡಿಕೊಳ್ಳಬೇಕಾದವರು, ಅದನ್ನೇ ಕೊಳ್ಳಲಿ. ಆದರೆ ಮಟ್ಟ ತಪ್ಪುವ ಭಯ ಹೋಯಿತೆಂದು ಮೈಕನ್ನು ದೂರ ಇಡಬಾರದು. ದೂರದಿಂದ ಬಂದ ಮಾತನ್ನು ಎಷ್ಟು ಏರಿಸಿದರೂ ಅದರ ಜೊತೆ ಬಂದ ಗದ್ದಲವೂ ಅಷ್ಟೇ ಏರುತ್ತದೆ. ಮೈಕುಗಳ ತಾಳಿಕೆಯೂ ಎರಡು ಮಾದರಿಯಲ್ಲಿ ಒಂದೇ, 120 ಡೆಸಿಬೆಲ್. ಕಬ್ಬಿಣ ಬಡಿಯುವ ಕಡೆ ಪಕ್ಕದಲ್ಲೇ ಇಟ್ಟರೆ ಫ್ಲೋಟ್ ಕೂಡ ಕಾಪಾಡದು, ಕೆಲವು ಮೀಟರ್ ಹಿಂದೆ ಸರಿಯಿರಿ.

ಈಗಾಗಲೇ ಎಚ್1ಎನ್ ಇದ್ದವರು ಬದಲಾಯಿಸಬೇಕಾದ್ದಿಲ್ಲ. ಆ ಹಣಕ್ಕೆ ಒಳ್ಳೆಯ ಕಾಲರ್ ಮೈಕು, ಅದಕ್ಕೊಂದು ತುಪ್ಪಳದ ಟೊಪ್ಪಿಗೆ, ಎರಡನೇ ಕಾರ್ಡು ಕೊಂಡರೆ ದನಿಯಲ್ಲಿ ಕಾಣುವ ವ್ಯತ್ಯಾಸ ಹೆಚ್ಚು. ಬರೆದುಕೊಳ್ಳಲು ಕೂತಾಗ ಹಳೆಯದೇ ನೆರವಿಗೂ ಬರುತ್ತದೆ: ವೇಗವನ್ನು ಅರ್ಧದಷ್ಟಕ್ಕೆ ಇಳಿಸಿ ಕೇಳುವ ಸೌಲಭ್ಯ ಅದರಲ್ಲೇ ಇದೆ. ಅದಕ್ಕೂ ಮುಂಚೆ ಕಾರ್ಡಿನಿಂದ ಫೈಲನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿ, ಹೆಸರು ಬದಲಿಸುವುದಿದ್ದರೆ ನಕಲಿನಲ್ಲಿ ಬದಲಿಸಿ. ಎರಡೂ ನಕಲನ್ನು ತೆರೆದು ಕೊನೆಯ ನಿಮಿಷದವರೆಗೂ ಕೇಳುತ್ತದೆಯೇ ಎಂದು ನೋಡಿದ ಮೇಲೆಯೇ ಕಾರ್ಡ್ ಅಳಿಸಿ.